ಲೆಕ್ಕ ಬಲ್ಲವರು ತರಗತಿಗೂ ಬೇಕು

ವಾಣಿಜ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ಎಂ.ಕಾಂ. ನಾಲ್ಕನೇ ಸೆಮಿಸ್ಟರ್ ಬಂತೆಂದರೆ ನಿಮ್ಮ ಮಾತೆಲ್ಲ ಕೆಲಸದ ಸುತ್ತಲೇ ಸುತ್ತುತ್ತದೆ. ಯಾವ ಕಂಪನಿ ಕ್ಯಾಂಪಸ್ಸಿಗೆ ಬರುತ್ತದೆ, ಆಡಿಟ್ ಸಂಸ್ಥೆಗಳ ಬಿಗ್ ಫೋರ್‌ಗೆ ಸೇರುವುದು ಹೇಗೆ, ಬ್ಯಾಂಕ್ ಪರೀಕ್ಷೆ ಬರೆಯುವುದೋ ಕೆ.ಎ.ಎಸ್.ಗೆ ಕೂರುವುದೋ, ಇಷ್ಟು ಓದಿದ ಮೇಲೆ ಸಿ.ಎ. ಶುರು ಮಾಡಿದರೆ ತಡವಾಯಿತೋ ಏನೋ ಅನ್ನುವ ಲೆಕ್ಕಾಚಾರ ಹಾಸ್ಟೆಲಿನಲ್ಲಿ ರಾತ್ರಿ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಆ ಗುಂಪಿನಲ್ಲಿ ಒಬ್ಬರಾದರೂ ಇರುತ್ತೀರಿ, ‘ನನಗೆ ಪಾಠ ಮಾಡಬೇಕು ಅಂತಿದೆ’ ಎಂದು ಹೇಳಲು ಹೊರಟು ಸುಮ್ಮನಾಗುವವರು. ಹೇಳಿದರೆ ಬರುವ ಉತ್ತರ ನಿಮಗೆ ಗೊತ್ತು: ‘ಬೇರೇನೂ ಸಿಗದಿದ್ದರೆ ಅದು ಇದ್ದೇ ಇದೆಯಲ್ಲ!’ ಈ ಪತ್ರ ಬರೆಯುತ್ತಿರುವುದು ಹಾಗೆ ಸುಮ್ಮನಾದವರಿಗೆ. ಉಳಿದವರೂ ಓದಿದರೆ ಸಂತೋಷ.

ಕನ್ನಡವನ್ನೋ ಇತಿಹಾಸವನ್ನೋ ಓದಿದವರು ಅಧ್ಯಾಪಕರಾದರೆ ಯಾರೂ ಯಾಕೆಂದು ಕೇಳುವುದಿಲ್ಲ. ಹಣಕಾಸು ಓದಿದವರು ಅಧ್ಯಾಪಕರಾದರೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಡೆಗೆ ತರಗತಿಯಲ್ಲೂ ಕೇಳುತ್ತಾರೆ. ‘ಷೇರಿನ ಬೆಲೆ ಕಟ್ಟುವುದು ಗೊತ್ತಿದ್ದರೆ ಇಲ್ಲಿ ಯಾಕಿದ್ದೀರಿ ಮೇಡಂ?’ ಎಂದು ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ನನಗೆ ಕೋಪ ತರಿಸಿಲ್ಲ. ಅದು ನ್ಯಾಯವಾದ ಪ್ರಶ್ನೆ. ನಾವು ಕಲಿಸುವ ವಿದ್ಯೆಯನ್ನೇ ಮಾರುಕಟ್ಟೆ ಪಕ್ಕದ ಬೀದಿಯಲ್ಲಿ ಹಲವು ಪಟ್ಟು ಸಂಬಳ ಕೊಟ್ಟು ಕೊಳ್ಳುತ್ತಿರುವಾಗ, ಇಲ್ಲೇ ಉಳಿದವರು ಉತ್ತರ ಹೇಳಬೇಕಾಗುತ್ತದೆ. ನನ್ನ ಉತ್ತರ ಹೇಳುವ ಮೊದಲು ಇನ್ನೊಬ್ಬರ ದಾರಿಯನ್ನು ನಿಮ್ಮ ಮುಂದಿಡುತ್ತೇನೆ. ಅವರು ವಾಲ್ ಸ್ಟ್ರೀಟಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಾಲ್ಕು ದಶಕಗಳ ಹತ್ತಿರ ಪಾಠ ಮಾಡಿಕೊಂಡೇ ಇದ್ದಾರೆ.

ಅಶ್ವಥ್ ದಾಮೋದರನ್ ಹೆಸರು ನಿಮ್ಮಲ್ಲಿ ಬಹಳ ಮಂದಿಗೆ ಯೂಟ್ಯೂಬಿನಿಂದ ಗೊತ್ತು. ಅವರೂ ನಿಮ್ಮ ಹಾಗೆ ಬಿ.ಕಾಂ. ಓದಿದವರೇ, ಮದ್ರಾಸಿನ ಲೊಯೋಲಾ ಕಾಲೇಜಿನಲ್ಲಿ. ಅಲ್ಲಿಂದ ನಮ್ಮ ಬೆಂಗಳೂರಿಗೆ ಬಂದು ಐ.ಐ.ಎಂ. ಸೇರಿ 1979ರಲ್ಲಿ ಮುಗಿಸಿದರು. ಆಮೇಲೆ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ.ಯಲ್ಲಿ 1981ಕ್ಕೆ ಎಂ.ಬಿ.ಎ., 1985ಕ್ಕೆ ಪಿಎಚ್.ಡಿ. ಎಂ.ಬಿ.ಎ. ಮುಗಿಸಿದ ಕೂಡಲೇ ಯಾವುದಾದರೂ ದೊಡ್ಡ ಬ್ಯಾಂಕಿಗೆ ಹೋಗಿ ಕೂರಬಹುದಿತ್ತು. ಆದರೆ ಓದುವ ಕಾಲದಲ್ಲಿ ಖರ್ಚಿಗೆ ಆಗುತ್ತದೆಂದು ಹಿಡಿದ ಬೋಧನಾ ಸಹಾಯಕನ ಕೆಲಸವೇ ತಮ್ಮ ದಾರಿಯನ್ನು ತೀರ್ಮಾನಿಸಿತು ಎಂದು ಅವರು ಹೇಳಿಕೊಂಡಿದ್ದಾರೆ. 1984ರಿಂದ ಎರಡು ವರ್ಷ ಬರ್ಕ್ಲಿಯಲ್ಲಿ ಪಾಠ ಮಾಡಿ, 1986ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಬಿಸಿನೆಸ್ ಸ್ಕೂಲಿಗೆ ಬಂದರು. ಅಲ್ಲಿಂದ ಬೇರೆಲ್ಲಿಗೂ ಹೋಗಲಿಲ್ಲ. 1990ರಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಸೇರಿದ ಅತ್ಯುತ್ತಮ ಬೋಧನಾ ಪ್ರಶಸ್ತಿ ಬಂದಾಗ, ಅದನ್ನು ಪಡೆದವರಲ್ಲೆಲ್ಲ ಚಿಕ್ಕ ವಯಸ್ಸಿನವರು ಅವರೇ ಆಗಿದ್ದರು.

ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಎಂದು ಹೇಳುತ್ತಿಲ್ಲ. ಗಮನಿಸಬೇಕಾದದ್ದು ಇದರ ನಡುವೆ ಇದೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹಣಕಾಸು ಪ್ರಾಧ್ಯಾಪಕರಿಗೆ ಬಡ್ತಿ ಸಿಗುವುದು ಮುಖ್ಯವಾಗಿ ಸಂಶೋಧನಾ ಪ್ರಬಂಧಗಳಿಂದ. ದಾಮೋದರನ್ ಕೂಡ ಮೊದಲ ವರ್ಷಗಳಲ್ಲಿ ಹೆಸರಾಂತ ಜರ್ನಲ್‌ಗಳಿಗೆ ಬರೆದರು. ಆಮೇಲೆ ತಮ್ಮ ಬುದ್ಧಿಯ ಹೆಚ್ಚಿನ ಪಾಲನ್ನು ತರಗತಿಗೆ, ತರಗತಿಯಿಂದಲೇ ಹುಟ್ಟಿದ ಪುಸ್ತಕಗಳಿಗೆ ತಿರುಗಿಸಿದರು. ಒಂದು ವ್ಯವಹಾರಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ವರ್ಷ ವರ್ಷವೂ ಅದನ್ನೇ ಹೊಸದಾಗಿ ಕಲಿಸಿದರು. ಪಾಠವನ್ನೇ ಜೀವನದ ಮುಖ್ಯ ಕೆಲಸ ಮಾಡಿಕೊಂಡವರಿಗೆ ಆ ಜಗತ್ತಿನಲ್ಲಿ ಗೌರವ ತಾನಾಗಿ ಬರುವುದಿಲ್ಲ. ಅವರು ಅದನ್ನು ದುಡಿದು ಪಡೆದರು.

ದುಡಿದದ್ದು ಹೇಗೆ ಅಂತ ನೋಡಿ. ಅವರ ತರಗತಿಯ ಪಾಠಗಳ ವಿಡಿಯೊ, ಟಿಪ್ಪಣಿ, ಹಳೆಯ ಪ್ರಶ್ನೆಪತ್ರಿಕೆ, ಅವುಗಳ ಉತ್ತರ, ಲೆಕ್ಕದ ಎಕ್ಸೆಲ್ ಹಾಳೆ, ಎಲ್ಲವೂ ಎಲ್ಲರಿಗೂ ಉಚಿತ. ಸ್ಟರ್ನ್‌ನಲ್ಲಿ ಶುಲ್ಕ ಕಟ್ಟಿ ಕೂತವನಿಗೂ ಸಿಂಧನೂರಿನಲ್ಲಿ ಮೊಬೈಲ್ ಹಿಡಿದು ಕೂತ ನಿಮಗೂ ಸಿಗುವ ಸಾಮಗ್ರಿ ಒಂದೇ. ಪ್ರತಿ ಜನವರಿಯಲ್ಲಿ ಜಗತ್ತಿನ ಸಾವಿರಾರು ಕಂಪನಿಗಳ ಅಂಕಿಅಂಶ ತೆಗೆದು, ಯಾವ ಉದ್ಯಮದಲ್ಲಿ ಲಾಭಾಂಶ ಎಷ್ಟು, ಸಾಲ ಎಷ್ಟು, ಬಂಡವಾಳದ ವೆಚ್ಚ ಎಷ್ಟು ಎಂದು ಕೋಷ್ಟಕ ಮಾಡಿ ಹಾಕುತ್ತಾರೆ. ಭಾರತದ ಕಂಪನಿಗಳಿಗೆ ಬೇರೆಯದೇ ಕೋಷ್ಟಕವಿದೆ. ದೇಶ ದೇಶದ ರಿಸ್ಕಿಗೆ ಎಷ್ಟು ಹೆಚ್ಚುವರಿ ಪ್ರತಿಫಲ ಕೇಳಬೇಕು ಎಂಬ ಅವರ ಪಟ್ಟಿಯನ್ನು ನಮ್ಮ ಚಾರ್ಟರ್ಡ್ ಅಕೌಂಟೆಂಟುಗಳೂ ವ್ಯಾಲ್ಯುಯರುಗಳೂ ತಮ್ಮ ವರದಿಗಳಲ್ಲಿ ಬಳಸುತ್ತಾರೆ. ಮಾರಿದ್ದರೆ ಒಳ್ಳೆಯ ಬೆಲೆ ಬರುವ ಸರಕು ಅದು. ಅದನ್ನು ಪಾಠದ ಭಾಗವೆಂದೇ ಅವರು ಕೊಡುತ್ತಾ ಬಂದಿದ್ದಾರೆ. ಹಣಕಾಸಿನ ಅಧ್ಯಾಪಕರಲ್ಲಿ ನಾನು ಅತ್ಯಂತ ಗೌರವಿಸುವ ಗುಣ ಇದೇ.

ಊಟವನ್ನು ಮನೆಗೆ ತಲುಪಿಸುವ ಜೊಮ್ಯಾಟೊ ಕಂಪನಿಯ ಕಥೆ ನಿಮಗೆ ನೆನಪಿರಬಹುದು. 2021ರ ಜುಲೈ ತಿಂಗಳಲ್ಲಿ ಅದರ ಐ.ಪಿ.ಒ. ಬಂದಾಗ ಷೇರಿಗೆ 72ರಿಂದ 76 ರೂಪಾಯಿ ಬೆಲೆ ಇಟ್ಟಿದ್ದರು. ದಾಮೋದರನ್ ಲೆಕ್ಕ ಹಾಕಿ ಸುಮಾರು 41 ರೂಪಾಯಿ ಎಂದರು. ಷೇರು ಮಾರುಕಟ್ಟೆಗೆ ಇಳಿದ ದಿನ ಎನ್.ಎಸ್.ಇ.ಯಲ್ಲಿ 116ಕ್ಕೆ ತೆರೆಯಿತು. ಪತ್ರಿಕೆಗಳೂ ಟೀವಿ ಚಾನೆಲ್ಲುಗಳೂ ಪ್ರೊಫೆಸರ್ ಎಡವಿದರು ಎಂದು ಬರೆದವು. ಒಂದು ವರ್ಷ ಕಳೆದು 2022ರ ಜುಲೈ ಕೊನೆಯಲ್ಲಿ, ಹಳೆಯ ಹೂಡಿಕೆದಾರರು ಮಾರಲು ಇದ್ದ ನಿರ್ಬಂಧ ತೆರವಾದ ವಾರ, ಷೇರು 41ರ ಆಸುಪಾಸಿಗೇ ಬಂದು ನಿಂತಿತು. ಆಗ ಜನ ಪ್ರೊಫೆಸರೇ ಸರಿ ಎಂದರು. 2024ರಲ್ಲಿ ಅದೇ ಷೇರು 250 ದಾಟಿತು.

ಈ ಕಥೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಯಾರು ಗೆದ್ದರು ಎಂದು ತೀರ್ಮಾನಿಸಲು ಅಲ್ಲ. ಅವರು 41 ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ ಎಂಬುದನ್ನು ತೋರಿಸಲು. ಹತ್ತು ವರ್ಷದಲ್ಲಿ ಭಾರತೀಯರು ಹೊರಗಿನಿಂದ ತರಿಸಿಕೊಂಡು ಉಣ್ಣುವ ಮಾರುಕಟ್ಟೆ ಎಷ್ಟಕ್ಕೆ ಬೆಳೆದೀತು, ಅದರಲ್ಲಿ ಈ ಕಂಪನಿಯ ಪಾಲೆಷ್ಟು, ಒಂದೊಂದು ಆರ್ಡರಿನಲ್ಲಿ ಅದಕ್ಕೆ ಉಳಿಯುವುದೆಷ್ಟು ಎಂಬ ತಮ್ಮ ಊಹೆಗಳನ್ನು ಹಾಳೆಯ ಮೇಲೆ ಬಿಡಿಸಿಟ್ಟು, ನಿಮಗೆ ಒಪ್ಪಿಗೆಯಾಗದಿದ್ದರೆ ನಿಮ್ಮ ಅಂಕಿ ತುಂಬಿ ನೋಡಿ ಎಂದರು. ನನ್ನ ವಿದ್ಯಾರ್ಥಿಯೊಬ್ಬ ಆ ಹಾಳೆ ತೆಗೆದು ‘ಮೇಡಂ, ನಮ್ಮೂರಲ್ಲೇ ಈಗ ಬಿರಿಯಾನಿ ಮನೆಗೆ ಬರುತ್ತೆ, ಇವರು ಮಾರುಕಟ್ಟೆಯನ್ನು ಚಿಕ್ಕದಾಗಿ ಹಿಡಿದಿದ್ದಾರೆ’ ಎಂದು ವಾದ ಹೂಡಿದ. ನ್ಯೂಯಾರ್ಕಿನ ಪ್ರೊಫೆಸರ ಲೆಕ್ಕದ ಜೊತೆ ತಾಲ್ಲೂಕು ಕೇಂದ್ರದ ಇಪ್ಪತ್ತರ ಹುಡುಗ ಸಮಸಮವಾಗಿ ಜಗಳವಾಡಿದ. ಪಾಠ ಅಂದರೆ ಇನ್ನೇನು ಬೇಕು ಹೇಳಿ? ಉತ್ತರ ಮಾತ್ರ ಕೊಟ್ಟಿದ್ದರೆ ಆ ಹುಡುಗ ಅದನ್ನು ಬರೆದುಕೊಂಡು ಇಂಟರ್ನಲ್ಸಿಗೆ ಓದಿಕೊಳ್ಳುತ್ತಿದ್ದ. ಊಹೆಗಳನ್ನೂ ಕೊಟ್ಟಿದ್ದರಿಂದ ಅವನು ಯೋಚಿಸಿದ.

ನಮ್ಮ ಬೆಂಗಳೂರಿನಲ್ಲೇ ಇನ್ನೊಂದು ದೊಡ್ಡ ಉದಾಹರಣೆ ಇದೆ. ಪ್ರಸನ್ನ ಚಂದ್ರ ಅವರ ದಪ್ಪ ಪುಸ್ತಕವನ್ನು ಮುಟ್ಟದೆ ಎಂ.ಕಾಂ. ಮುಗಿಸಿದವರು ನಿಮ್ಮಲ್ಲಿ ಕಡಿಮೆ. ಅವರು ಐ.ಐ.ಎಂ.ಬಿ.ಯಲ್ಲಿ ಹಣಕಾಸಿನ ಪ್ರಾಧ್ಯಾಪಕರಾಗಿದ್ದವರು. ಅಹಮದಾಬಾದಿನ ಐ.ಎಂ. ಪಾಂಡೆ ಅವರದೂ ಅದೇ ಬಗೆಯ ಕೆಲಸ. ಅಮೆರಿಕದ ಪಠ್ಯಗಳಲ್ಲಿ ಡಾಲರಿನ ಲೆಕ್ಕಗಳೇ ತುಂಬಿದ್ದ ಕಾಲದಲ್ಲಿ ಭಾರತದ ಕಂಪನಿ, ಭಾರತದ ತೆರಿಗೆ, ಭಾರತದ ಬ್ಯಾಂಕ್ ಸಾಲವನ್ನಿಟ್ಟುಕೊಂಡು ಇಂಥವರು ಪಠ್ಯ ಬರೆಯದೇ ಹೋಗಿದ್ದರೆ, ನಮ್ಮ ಕಾಲೇಜುಗಳಲ್ಲಿ ಈ ವಿಷಯ ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ. ಒಬ್ಬ ಫಂಡ್ ಮ್ಯಾನೇಜರ್ ಒಂದು ಫಂಡ್ ನಡೆಸುತ್ತಾನೆ. ಈ ಇಬ್ಬರ ಪುಸ್ತಕ ಓದಿ ಬೆಳೆದವರು ದೇಶದ ಬ್ಯಾಂಕುಗಳಲ್ಲೆಲ್ಲ ಸಾಲದ ಅರ್ಜಿ ಪರಿಶೀಲಿಸುತ್ತಿದ್ದಾರೆ.

ಮಾರುಕಟ್ಟೆಗೆ ಹೋಗುವುದೇ ನಿಜವಾದ ಪರೀಕ್ಷೆ, ತರಗತಿ ಬರೀ ಮಾತು ಎನ್ನುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 1994ರಲ್ಲಿ ಅಮೆರಿಕದಲ್ಲಿ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್ಮೆಂಟ್ ಎಂಬ ಫಂಡ್ ಶುರುವಾಯಿತು. ರಾಬರ್ಟ್ ಮರ್ಟನ್, ಮೈರನ್ ಶೋಲ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು ಅದರ ಪಾಲುದಾರರು. 1997ರಲ್ಲಿ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಮರುವರ್ಷ ರಷ್ಯಾ ಸಾಲ ತೀರಿಸಲಾರೆ ಎಂದು ಕೈಚೆಲ್ಲಿದ ಮೇಲೆ ಫಂಡ್ ಮುಳುಗುವ ಸ್ಥಿತಿಗೆ ಬಂತು. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಮುಂದೆ ನಿಂತು, ದೊಡ್ಡ ಬ್ಯಾಂಕುಗಳಿಂದ 360 ಕೋಟಿ ಡಾಲರ್ ಹಾಕಿಸಿ ಅದನ್ನು ಎತ್ತಿ ಹಿಡಿಯಬೇಕಾಯಿತು. ಆ ವಿದ್ವಾಂಸರನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಆಪ್ಷನ್ನುಗಳಿಗೆ ಬೆಲೆ ಕಟ್ಟುವ ಅವರ ಸೂತ್ರವನ್ನು ನಾವು ಇಂದಿಗೂ ಕಲಿಸುತ್ತೇವೆ. ಆದರೆ ಒಂದು ಮಾದರಿಯ ಹಿಂದಿನ ಊಹೆಯನ್ನು ಯಾರ ದುಡ್ಡೂ ಕಳೆಯದೆ, ಯಾರ ಮುಲಾಜೂ ಇಲ್ಲದೆ ಪ್ರಶ್ನಿಸಬಹುದಾದ ಜಾಗ ತರಗತಿ. ಆ ಜಾಗದಲ್ಲಿ ಗಟ್ಟಿಗರು ಇರಬೇಕು.

ಇನ್ನು ನಮ್ಮ ತರಗತಿಗೆ ಬರುತ್ತೇನೆ.

ಕಳೆದ ವರ್ಷ ಬಿ.ಕಾಂ. ಎರಡನೇ ವರ್ಷದವರಿಗೆ ಹಣದ ಕಾಲಮೌಲ್ಯದ ಪಾಠ ನಡೆದಿತ್ತು. ಮನೆಯಲ್ಲಿರುವ ಯಾವುದಾದರೂ ಸಾಲದ ಕಾಗದ ತನ್ನಿ ಎಂದಿದ್ದೆ. ಒಬ್ಬ ಹುಡುಗಿ ಅಪ್ಪನ ಸ್ಕೂಟರ್ ಸಾಲದ ಕಾಗದ ತಂದಿದ್ದಳು. ಸಾಲ 80,000 ರೂಪಾಯಿ. ಬಡ್ಡಿ ಶೇ. 10, ಫ್ಲಾಟ್ ರೇಟ್. ಎರಡು ವರ್ಷ. ಒಟ್ಟು ಬಡ್ಡಿ 16,000. ತಿಂಗಳಿಗೆ 4,000ದಂತೆ 24 ಕಂತು. ‘ಹತ್ತೇ ಪರ್ಸೆಂಟ್ ಮೇಡಂ, ಕಡಿಮೆಗೇ ಸಿಕ್ಕಿದೆ’ ಎಂದಳು. ಇಡೀ ತರಗತಿ ಒಪ್ಪಿತು.

‘ಒಂದು ವರ್ಷ ಕಂತು ಕಟ್ಟಿದ ಮೇಲೆ ಅಪ್ಪನ ಮೇಲೆ ಇನ್ನೂ ಎಂಬತ್ತು ಸಾವಿರ ಸಾಲ ಇರುತ್ತಾ?’ ಎಂದು ಕೇಳಿದೆ.

‘ಇಲ್ಲ, ಅರ್ಧದ ಹತ್ತಿರ ತೀರಿರುತ್ತೆ.’

‘ಎರಡನೇ ವರ್ಷದ ಬಡ್ಡಿ ಯಾವುದರ ಮೇಲೆ ಹಾಕಿದ್ದಾರೆ?’

ಅವಳು ಕಾಗದ ನೋಡಿದಳು. ಎಂಟು ಸಾವಿರ, ಪೂರ್ತಿ ಎಂಬತ್ತು ಸಾವಿರದ ಮೇಲೆ. ಅಲ್ಲಿಂದ ಮುಂದೆ ನಾನು ಹೆಚ್ಚು ಮಾತಾಡಲಿಲ್ಲ. ಎಂಬತ್ತು ಸಾವಿರವನ್ನು ನಾಲ್ಕು ಸಾವಿರದಿಂದ ಭಾಗಿಸಿದರೆ 20. ಪುಸ್ತಕದ ಹಿಂದಿನ ಆನ್ಯುಯಿಟಿ ಟೇಬಲ್ ತೆಗೆದು 24 ಕಂತಿನ ಸಾಲಿನಲ್ಲಿ 20 ಎಲ್ಲಿದೆ ಎಂದು ಹುಡುಕಲು ಹೇಳಿದೆ. ಶೇ. 1ರ ಕೆಳಗೆ 21.243, ಶೇ. 2ರ ಕೆಳಗೆ 18.914. ‘ನಡುವೆ ಇದೆ ಮೇಡಂ.’ ಮೊಬೈಲಿನಲ್ಲಿ ಒಂದೂವರೆ ಹಾಕಿ ನೋಡಿದರು: 20.03. ತಿಂಗಳಿಗೆ ಒಂದೂವರೆಗಿಂತ ಚೂರು ಹೆಚ್ಚು. ವರ್ಷಕ್ಕೆ ಶೇ. 18 ದಾಟಿತು.

ತರಗತಿ ಗಲಾಟೆಯಾಯಿತು. ಟ್ರ್ಯಾಕ್ಟರ್ ಸಾಲ, ಮೊಬೈಲ್ ಕಂತು, ಅಕ್ಕನ ಸಂಘದ ಸಾಲ, ಎಲ್ಲರ ಕಾಗದಗಳೂ ಮೇಜಿನ ಮೇಲೆ ಬಂದವು. ಬಾಯಿಪಾಠ ಮಾಡಿ ಮರೆಯುತ್ತಿದ್ದ ಟೇಬಲ್ಲಿಗಾಗಿ ಕಿತ್ತಾಟ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಇಂಥ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಟ್ಟು, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ ಎಂಬುದನ್ನೂ ಅವತ್ತೇ ಹೇಳಿದೆ. ಗಂಟೆ ಹೊಡೆದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದು ಕೇಳಿದ್ದು ಒಂದೇ: ‘ಇದನ್ನ ಅಪ್ಪನಿಗೆ ಹೇಗೆ ಹೇಳ್ಲಿ ಮೇಡಂ? ಅವರಿಗೆ ಟೇಬಲ್ ಗೊತ್ತಾಗಲ್ಲ.’ ಇಬ್ಬರೂ ಕೂತು, ಟೇಬಲ್ ಇಲ್ಲದೆ ತಿಂಗಳು ತಿಂಗಳಿಗೆ ಅಸಲು ಎಷ್ಟು ಇಳಿಯುತ್ತದೆ ಎಂದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದೆವು. ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳಬೇಕು ಎಂದು ಅವಳಿಗೆ ಅನ್ನಿಸಿದ ಕ್ಷಣದಲ್ಲಿ ಅವಳೂ ನಮ್ಮ ವೃತ್ತಿಯವಳೇ ಆಗಿದ್ದಳು.

‘ಇಲ್ಲಿ ಯಾಕಿದ್ದೀರಿ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ನಾನು ನನ್ನ ದುಡ್ಡಿಗೆ ಲೆಕ್ಕ ಹಾಕಿದರೆ ಒಂದು ಮನೆಯ ಲೆಕ್ಕ ಸರಿಹೋಗುತ್ತದೆ. ತರಗತಿಯಲ್ಲಿ ಹಾಕಿದರೆ ಆ ಬೆಂಚುಗಳಲ್ಲಿ ಕೂತ ಅಷ್ಟೂ ಮನೆಗಳಿಗೆ ಅದು ಹೋಗುತ್ತದೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಬರುವವರಲ್ಲಿ ಪಿ.ಯು.ವರೆಗೆ ಕನ್ನಡದಲ್ಲೇ ಓದಿದ ಮಕ್ಕಳು ಬಹಳ. ಪುಸ್ತಕ ಇಂಗ್ಲಿಷಿನದು, ಪರೀಕ್ಷೆ ಇಂಗ್ಲಿಷಿನದು, ಮನೆಯ ವ್ಯವಹಾರ ಮಾತ್ರ ಕನ್ನಡದ್ದು. ‘ಕಾಸ್ಟ್ ಆಫ್ ಕ್ಯಾಪಿಟಲ್’ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಹೋಗುವವರು ಬೇಕಾದಷ್ಟು ಜನ ಸಿಗುತ್ತಾರೆ. ಈ ದುಡ್ಡನ್ನು ಇಲ್ಲಿ ಹಾಕದೆ ಬೇರೆ ಕಡೆ ಹಾಕಿದ್ದರೆ ಎಷ್ಟು ಬರುತ್ತಿತ್ತು ಅನ್ನುವುದೇ ಅದರ ತಿರುಳು ಎಂದು, ಅಡಿಕೆ ತೋಟವನ್ನೋ ಕೋಳಿ ಫಾರಂ ಅನ್ನೋ ಮುಂದಿಟ್ಟು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಆ ಕೊರತೆ ತುಂಬಬಲ್ಲವರು ಈ ಪತ್ರ ಓದುತ್ತಿರುವ ನೀವು.

ದಾರಿ ಸುಲಭವಿಲ್ಲ ಎಂಬುದನ್ನೂ ನೇರವಾಗಿಯೇ ಹೇಳಬೇಕು. ಸಹಾಯಕ ಪ್ರಾಧ್ಯಾಪಕರಾಗಲು ಎನ್.ಇ.ಟಿ. ಅಥವಾ ಕೆ-ಸೆಟ್ ಪಾಸಾಗಿರಬೇಕು. 2023ರ ಜುಲೈ 1ರಿಂದ ಯು.ಜಿ.ಸಿ. ನಿಯಮದಂತೆ ನೇಮಕಾತಿಗೆ ಪಿಎಚ್.ಡಿ. ಕಡ್ಡಾಯವಲ್ಲ. ಆದರೆ ಮಾಡಿ. ಒಂದು ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದವರ ಪಾಠಕ್ಕೆ ಬೇರೆಯೇ ತೂಕ ಬರುತ್ತದೆ. ಜೆ.ಆರ್.ಎಫ್. ಸಂಶೋಧನಾ ಫೆಲೋಶಿಪ್ ಬಂದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ; ಮನೆಗೆ ಭಾರವಾಗದೆ ಸಂಶೋಧನೆ ಮಾಡಬಹುದು. ಕಾಯಂ ಹುದ್ದೆ ಸಿಕ್ಕರೆ ಏಳನೇ ವೇತನ ಆಯೋಗದ ಯು.ಜಿ.ಸಿ. ಶ್ರೇಣಿಯಲ್ಲಿ ಆರಂಭದ ಮೂಲವೇತನ 57,700. ಸಿಕ್ಕರೆ ಎಂಬ ಮಾತು ಇಲ್ಲಿ ದೊಡ್ಡದು. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕುತ್ತಾ, ಮುಂದಿನ ವರ್ಷ ಯಾವ ಊರೆಂದು ಗೊತ್ತಿಲ್ಲದೆ, ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ ಹತ್ತು ಹದಿನೈದು ವರ್ಷ ಪಾಠ ಮಾಡಿದವರನ್ನು ನಾನು ಬಲ್ಲೆ. 2023ರ ಕೊನೆಯಲ್ಲಿ ಅವರು ತರಗತಿ ಬಿಟ್ಟು ಧರಣಿ ಕೂತದ್ದು ಸುಮ್ಮನೆ ಅಲ್ಲ. ಬಂಡವಾಳದ ವೆಚ್ಚ ಕಲಿಸುವವರ ಬದುಕಿನ ಲೆಕ್ಕವನ್ನೇ ಹೀಗೆ ಬಿಟ್ಟಿರುವ ವ್ಯವಸ್ಥೆಯ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಸಂಘದ ಸಭೆಯಲ್ಲೂ ಹೇಳಿದ್ದೇನೆ. ಬರಿಯ ಪ್ರೀತಿಯಿಂದ ಮನೆ ನಡೆಯುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಯಾರಾದರೂ ಮೊದಲು ಐದಾರು ವರ್ಷ ಬ್ಯಾಂಕಿನಲ್ಲೋ ಆಡಿಟ್ ಆಫೀಸಿನಲ್ಲೋ ದುಡಿದು, ಕೈಯಲ್ಲಿ ಅಷ್ಟು ಇಟ್ಟುಕೊಂಡು ಆಮೇಲೆ ಪಾಠಕ್ಕೆ ಬರುತ್ತೇನೆ ಎಂದರೆ ಅದೂ ಒಳ್ಳೆಯ ದಾರಿಯೇ. ಸಾಲದ ಅರ್ಜಿಗಳನ್ನು ಕೈಯಾರೆ ನೋಡಿ ಬಂದವರು ಪಾಠ ಮಾಡುವಾಗ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ.

ನನಗೆ ಈ ಕೆಲಸ ಒಗ್ಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಕೇಳುವವರಿದ್ದೀರಿ. ಚೆನ್ನಾಗಿ ಮಾತಾಡುವುದು ಬೇರೆ, ಪಾಠ ಬೇರೆ. ವೇದಿಕೆ ಹತ್ತಿದರೆ ನಾಲಿಗೆ ಕಟ್ಟಿದಂತಾಗುವ ಕೆಲವರು ಅದ್ಭುತ ಅಧ್ಯಾಪಕರಾದದ್ದನ್ನು ಕಂಡಿದ್ದೇನೆ. ನಾನು ನೋಡುವ ಗುರುತು ಒಂದೇ. ಗೆಳೆಯನಿಗೆ ಲೆಕ್ಕ ಹೇಳಿಕೊಡುವಾಗ ಅವನಿಗೆ ಅರ್ಥವಾಗದಿದ್ದರೆ ಅದೇ ಮಾತನ್ನು ಜೋರಾಗಿ ಮತ್ತೆ ಹೇಳುತ್ತೀರೋ, ಅಥವಾ ಅವನು ಎಲ್ಲಿ ತಪ್ಪಿದ ಎಂದು ಅವನ ಹಾಳೆಯ ಮೇಲೆ ಬಗ್ಗಿ ನೋಡುತ್ತೀರೋ? ಬಗ್ಗಿ ನೋಡುವವರಾದರೆ ಬನ್ನಿ. ಮಿಕ್ಕದ್ದನ್ನು ಕಲಿಯಬಹುದು.

ನಮ್ಮ ಕಾಲೇಜಿನಲ್ಲಿ ಇದಕ್ಕೆ ಜಾಗ ಮಾಡಿದ್ದೇವೆ. ಪ್ರಾಂಶುಪಾಲರ ಒಪ್ಪಿಗೆಯಾಗಿದೆ. ಬರುವ ಸೆಮಿಸ್ಟರಿನಲ್ಲಿ ಪ್ರತಿ ಶನಿವಾರ ಬಿ.ಕಾಂ. ಎರಡನೇ ವರ್ಷದ ಒಂದು ಗಂಟೆಯನ್ನು ಎಂ.ಕಾಂ. ವಿದ್ಯಾರ್ಥಿಗಳಿಗೆ ಬಿಟ್ಟುಕೊಡುತ್ತೇನೆ. ಯಾವ ಕಾಲೇಜಿನವರಾದರೂ ಆದೀತು. ಒಂದು ಕಂಪನಿಯ ವಾರ್ಷಿಕ ವರದಿಯನ್ನೋ, ನಿಮ್ಮೂರಿನ ಒಂದು ನಿಜವಾದ ವ್ಯವಹಾರದ ಲೆಕ್ಕವನ್ನೋ ತೆಗೆದುಕೊಂಡು ಬನ್ನಿ. ಪವರ್‌ಪಾಯಿಂಟ್ ಬೇಡ; ಬೋರ್ಡ್ ಇದೆ, ಸೀಮೆಸುಣ್ಣ ಇದೆ. ಪಾಠ ನಲವತ್ತು ನಿಮಿಷ, ಕೊನೆಯ ಇಪ್ಪತ್ತು ನಿಮಿಷ ಮಕ್ಕಳ ಪ್ರಶ್ನೆಗೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತೇನೆ. ಕ್ಲಾಸು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಅದನ್ನು ಮಾತಾಡೋಣ. ನಿಮ್ಮ ವಿಭಾಗದ ಮುಖ್ಯಸ್ಥರ ಮೂಲಕ ಹೆಸರು ಕಳಿಸಿ. ಮೊದಲ ಶನಿವಾರದ ವಿಷಯ ಬಂಡವಾಳದ ವೆಚ್ಚ.

ಇಂತಿ ನಿಮ್ಮ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಹಣಕಾಸು ಪ್ರಾಧ್ಯಾಪಕಿ